ತಮ್ಮನಿಗೆ ಸಮೀಕರಣ ಬಾಯಿಪಾಠ ಬರುತ್ತದೆ, ಅರ್ಥ ಆಗಿಲ್ಲ. ಎಲ್ಲಿಂದ ಶುರು ಮಾಡಲಿ?

ತೀರ್ಥಹಳ್ಳಿ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಈ ವರ್ಷ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಗಣಿತ ಪರವಾಗಿಲ್ಲ. ಜೀವಶಾಸ್ತ್ರ ತಾನಾಗಿಯೇ ಓದಿಕೊಳ್ಳುತ್ತಾನೆ. ರಸಾಯನಶಾಸ್ತ್ರದ ಪಾಠ ಬಂದರೆ ಮಾತ್ರ ಪುಸ್ತಕ ಮುಚ್ಚಿಡುತ್ತಾನೆ.

ನಿನ್ನೆ ರಾತ್ರಿ ಮಳೆಗೆ ಕರೆಂಟ್ ಹೋಗಿತ್ತು. ಸುಮ್ನೆ ಕೂತಿದ್ದೆವಲ್ಲ, ಮೊದಲ ಪಾಠದ ಪ್ರಶ್ನೆ ಕೇಳಿದೆ. 'ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿದರೆ ಏನಾಗುತ್ತದೆ?' ಒಂದೇ ಉಸಿರಿಗೆ ಹೇಳಿದ. ಕಬ್ಬಿಣದ ಸಲ್ಫೇಟ್ ಮತ್ತು ತಾಮ್ರ ಉಂಟಾಗುತ್ತದೆ, ಇದು ಸ್ಥಾನಪಲ್ಲಟ ಕ್ರಿಯೆ. ಒಂದು ಅಕ್ಷರ ತಪ್ಪಿಲ್ಲ. ಆಮೇಲೆ 'ತಾಮ್ರದ ಸಲ್ಫೇಟ್ ಅಂದರೆ ಏನೋ?' ಅಂದೆ. 'ಒಂದು ರಾಸಾಯನಿಕ' ಅಂದ.

ನಮ್ಮ ಮನೆಯ ಅಟ್ಟದ ಮೇಲೆ ಮೈಲುತುತ್ತದ ಚೀಲ ಇದೆ. ಅವನು ಹುಟ್ಟಿದಾಗಿನಿಂದ ನೋಡಿದ್ದಾನೆ. ಪುಸ್ತಕದಲ್ಲಿ ಇರುವುದೂ ಅದೇ ಅಂತ ಅವನಿಗೆ ಗೊತ್ತೇ ಇರಲಿಲ್ಲ. ನಾನು ಓದಿದ್ದು ಕಾಮರ್ಸ್. ವೇಲೆನ್ಸಿ, ಸಮೀಕರಣ ಸರಿದೂಗಿಸುವುದು, ಆಮ್ಲ, ಪ್ರತ್ಯಾಮ್ಲ, ಇಷ್ಟನ್ನು ಅವನಿಗೆ ಅರ್ಥ ಮಾಡಿಸಬೇಕು. ಎಲ್ಲಿಂದ ಶುರು ಮಾಡಲಿ? ಟ್ಯೂಷನ್ನಿಗೆ ಪೇಟೆಗೆ ಕಳಿಸಿದರೆ ಕೊನೆಯ ಬಸ್ಸು ತಪ್ಪುತ್ತದೆ.

ನಿವೃತ್ತ ಮೇಷ್ಟ್ರು, ಸಾಗರ

ಅಕ್ಕ, ನೀವು ಕೇಳಿದ ಪ್ರಶ್ನೆಯಲ್ಲೇ ಉತ್ತರ ಇದೆ. ಅಟ್ಟದ ಮೇಲಿನ ಚೀಲದಿಂದಲೇ ಶುರು ಮಾಡಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ಅಡಿಕೆ ತೋಟದ ಮಕ್ಕಳಿಗೆ ನಾನು ಮೊದಲ ಪಾಠ ಮಾಡುತ್ತಿದ್ದದ್ದು ಬೋರ್ಡೋ ಮೇಲೆ. ಮೈಲುತುತ್ತ ಮತ್ತು ಸುಣ್ಣ ಕಲಸಿ ಅಡಿಕೆ ಗೊನೆಗೆ ಹೊಡೆಯುವ ಈ ಕೊಳೆರೋಗದ ಔಷಧಿ ಅಂದರೆ ಮಲೆನಾಡಿನ ಮಗುವಿಗೂ ಗೊತ್ತು. ಆ ಒಂದು ಡ್ರಮ್ಮಿನಲ್ಲಿ ನಿಮ್ಮ ತಮ್ಮನ ಅರ್ಧ ಪುಸ್ತಕ ಇದೆ. ಉತ್ಪ್ರೇಕ್ಷೆ ಅಲ್ಲ, ಒಂದೊಂದಾಗಿ ಹೇಳುತ್ತೇನೆ.

ಶೇಕಡಾ 1ರ ಬೋರ್ಡೋಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸುತ್ತೀರಿ. ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡುತ್ತೀರಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ತಿರುಗಿಸುತ್ತೀರಿ.

ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ ಬಣ್ಣ ನೋಡಲು ಹೇಳಿ. ಮೈಲುತುತ್ತದ ನೀರು ಗಾಜಿನ ಲೋಟದಲ್ಲಿ ಹಿಡಿದರೆ ಕಡುನೀಲಿ, ಆದರೆ ಆಚೆಯ ಕಡೆ ಕಾಣುತ್ತದೆ. ಸುಣ್ಣ ಸೇರಿದ ಮೇಲೆ ತಿಳಿ ಆಕಾಶನೀಲಿ. ಈಗ ಆಚೆಯ ಕಡೆ ಕಾಣುವುದಿಲ್ಲ, ಕದಡಿದ ಮೊಸರಿನ ಹಾಗೆ ಮಂದ. ಯಾಕೆ? ಹೊಸದೊಂದು ವಸ್ತು ಹುಟ್ಟಿದೆ, ಅದು ನೀರಿನಲ್ಲಿ ಕರಗುವುದಿಲ್ಲ. ಇದನ್ನೇ ಪುಸ್ತಕ 'ಪ್ರಕ್ಷೇಪ' ಅನ್ನುತ್ತದೆ.

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ಇದು ಸರಳ ಮಾಡಿ ಬರೆದದ್ದು. ನಿಜವಾದ ಬೋರ್ಡೋದಲ್ಲಿ ತಾಮ್ರ, ಸಲ್ಫೇಟ್, ಹೈಡ್ರಾಕ್ಸೈಡ್ ಮೂರೂ ಕೂಡಿದ ಸಂಯುಕ್ತಗಳೂ ಇರುತ್ತವೆ. ಹತ್ತನೇ ಕ್ಲಾಸಿಗೆ ಇಷ್ಟು ಸಾಕು. ತಾಮ್ರ ಮತ್ತು ಕ್ಯಾಲ್ಸಿಯಂ ತಮ್ಮ ಜೊತೆಗಾರರನ್ನು ಅದಲುಬದಲು ಮಾಡಿಕೊಂಡವು. ದ್ವಿಸ್ಥಾನಪಲ್ಲಟ ಅಂದರೆ ಇದೇ.

ಇನ್ನೊಂದು ಮಾತು. ನಾವೆಲ್ಲ 'ಬೋರ್ಡೋ ದ್ರಾವಣ' ಅನ್ನುತ್ತೇವೆ. ಒಂಬತ್ತನೇ ಕ್ಲಾಸಿನ ಪುಸ್ತಕದ ಪ್ರಕಾರ ಅದು ದ್ರಾವಣವೇ ಅಲ್ಲ, ನಿಲಂಬನ. ಬಿಟ್ಟರೆ ತಳ ಹಿಡಿಯುತ್ತದೆ. ಅದಕ್ಕೇ ಹೊಡೆಯುವಾಗ ಡ್ರಮ್ಮು ಕದಡುತ್ತಲೇ ಇರಬೇಕು. ಮಳೆ ಬಿದ್ದರೂ ಗೊನೆಯ ಮೇಲೆ ಉಳಿಯುವುದೂ ಅದಕ್ಕೇ. ಕರಗದ ವಸ್ತುವನ್ನು ಮಳೆ ಸುಲಭವಾಗಿ ತೊಳೆದುಕೊಂಡು ಹೋಗುವುದಿಲ್ಲ.

ತೋಟದ ಮನೆ, ಹೊಸನಗರ

ಮೇಷ್ಟ್ರು ಮುಖ್ಯವಾದ ಒಂದನ್ನು ಬಿಟ್ಟರು. ಚಾಕುವಿನ ಪರೀಕ್ಷೆ.

ಔಷಧಿ ಕಲಸಿದ ಮೇಲೆ ನಮ್ಮ ಅಪ್ಪ ತಿಕ್ಕಿ ಹೊಳೆಯುವ ಹಾಗೆ ಮಾಡಿದ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ಅದರಲ್ಲಿ ಅದ್ದಿಡುತ್ತಿದ್ದರು. ತೆಗೆದಾಗ ಅಲಗಿನ ಮೇಲೆ ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಬೇಕು. ಕೆಂಪು ಹಿಡಿಯದಿದ್ದರೆ ಹೊಡೆಯಬಹುದು. ಅಪ್ಪ ನಾಲ್ಕನೇ ಕ್ಲಾಸು ಓದಿದವರು. ಆ ಕೆಂಪು ತಾಮ್ರ ಅಂತ ಅವರಿಗೂ ಗೊತ್ತಿತ್ತು.

ಒಂದು ವರ್ಷ ನಾನೇ ಜವಾಬ್ದಾರಿ ತೆಗೆದುಕೊಂಡೆ. ಪೇಟೆಯ ಅಂಗಡಿಯೊಂದರಲ್ಲಿ ಬಾಯಿ ಬಿಚ್ಚಿದ ಚೀಲದಿಂದ ಸುಣ್ಣ ತೂಗಿ ಕೊಟ್ಟರು. ಪುಡಿ ಪುಡಿಯಾಗಿತ್ತು, ನೀರಿಗೆ ಹಾಕಿದರೆ ಸ್ವಲ್ಪವೂ ಬಿಸಿ ಏಳಲಿಲ್ಲ. ಮಳೆ ಹೊಳವಾಗಿದ್ದು ಅರ್ಧ ದಿನ ಮಾತ್ರ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬಂದು ನಿಂತಿದ್ದ. ಅವಸರದಲ್ಲಿ ಚಾಕು ಅದ್ದಿ ನೋಡಲಿಲ್ಲ. 1 ಕೆಜಿಗೆ 1 ಕೆಜಿ ಹಾಕಿದ್ದೇನಲ್ಲ, ಸಾಕು ಅಂದುಕೊಂಡೆ. ವಾರದೊಳಗೆ ಎಳೆಗಾಯಿಗಳ ಮೇಲೆ ಸುಟ್ಟ ಹಾಗೆ ಕಲೆ. ಮರದ ಬುಡದಲ್ಲಿ ಉದುರಿದ ಕಾಯಿ ಹೆಕ್ಕುವಾಗ ಅಪ್ಪ ಒಂದು ಮಾತೂ ಆಡಲಿಲ್ಲ. ಆ ವರ್ಷದಿಂದ ಚಾಕು ಅದ್ದದೆ ಒಂದು ಡ್ರಮ್ಮೂ ಹೊಡೆದಿಲ್ಲ.

ಮೇಷ್ಟ್ರೇ, ಅವತ್ತು ಸುಣ್ಣಕ್ಕೆ ಏನಾಗಿತ್ತು ಅನ್ನುವುದನ್ನು ನೀವು ಸರಿಯಾಗಿ ಹೇಳಬಲ್ಲಿರಿ.

ನಿವೃತ್ತ ಮೇಷ್ಟ್ರು, ಸಾಗರ

ನಿಮ್ಮ ಸುಣ್ಣ ಸೀಮೆಸುಣ್ಣವಾಗಿತ್ತು. ಇದನ್ನು ತಮ್ಮನಿಗೆ ಪೂರ್ತಿ ಹೇಳಬೇಕು, ಯಾಕೆಂದರೆ ಸುಣ್ಣದ ಕತೆಯಲ್ಲಿ ಮೂರು ಬಗೆಯ ಕ್ರಿಯೆ ಸಾಲಾಗಿ ಬರುತ್ತವೆ.

ಮೊದಲು ಗೂಡಿನಲ್ಲಿ ಕಪ್ಪೆಚಿಪ್ಪು ಅಥವಾ ಸುಣ್ಣದಕಲ್ಲು ಸುಡುತ್ತಾರೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಉಳಿಯುತ್ತದೆ. ಒಂದು ವಸ್ತು ಒಡೆದು ಎರಡಾಯಿತು. ವಿಭಜನೆ. ಶುದ್ಧ ಚಿಪ್ಪು 100 ಕೆಜಿ ಪೂರ್ತಿ ಸುಟ್ಟರೆ ಸುಣ್ಣ ಸಿಗುವುದು 56 ಕೆಜಿ. ಉಳಿದ 44 ಕೆಜಿ ಗಾಳಿಗೆ ಹೋಗಿದೆ. ಕಳೆದುಹೋಗಿಲ್ಲ, ನಮ್ಮ ತಕ್ಕಡಿಗೆ ಸಿಕ್ಕಿಲ್ಲ ಅಷ್ಟೇ. ರಾಶಿಯ ಸಂರಕ್ಷಣೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ಎರಡು ವಸ್ತು ಸೇರಿ ಒಂದೇ ಆಯಿತು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸಂಯೋಗ. ಶಾಖ ಹೊರಬಂತು, ಆದ್ದರಿಂದ ಬಹಿರುಷ್ಣಕ.

ಈ ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಬಳಿದ ಎರಡು ಮೂರು ದಿನಕ್ಕೆ ಗೋಡೆಗೆ ಹೊಳಪು ಬರುವುದು ಅದರಿಂದ. ಹೊರಟಲ್ಲಿಗೇ ಬಂದು ನಿಂತಿತು ನೋಡಿ.

ಗೋಡೆಯ ಮೇಲೆ ಆಗುವುದೇ ಬಾಯಿ ಬಿಚ್ಚಿದ ಚೀಲದೊಳಗೂ ಆಗುತ್ತದೆ. ಹೊಸನಗರದವರ ಚೀಲದಲ್ಲಿ ಇದ್ದದ್ದು ಬಹುಪಾಲು ಕಾರ್ಬೊನೇಟ್. ಅದಕ್ಕೇ ಬಿಸಿ ಏಳಲಿಲ್ಲ. ಅದು ನೀರಿನಲ್ಲಿ ಕರಗುವುದೂ ಇಲ್ಲ, ಹೈಡ್ರಾಕ್ಸೈಡಿನ ಹಾಗೆ ತಾಮ್ರವನ್ನು ಹಿಡಿದುಕೊಳ್ಳುವುದೂ ಇಲ್ಲ. ಕರಗಿದ ತಾಮ್ರ ಹಾಗೇ ಉಳಿದು ಕಾಯಿ ಸುಟ್ಟಿತು.

ಚಾಕುವಿನ ವಿಷಯ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ನೀರಿನಲ್ಲಿ ಕರಗಿದ ತಾಮ್ರ ಸಿಕ್ಕರೆ ಕಬ್ಬಿಣ ಅದರ ಜಾಗಕ್ಕೆ ಹೋಗುತ್ತದೆ, ತಾಮ್ರ ಚಾಕುವಿನ ಮೇಲೆ ಬಂದು ಕೂರುತ್ತದೆ. ತಾಮ್ರವೆಲ್ಲ ಹೈಡ್ರಾಕ್ಸೈಡ್ ಆಗಿ ಪ್ರಕ್ಷೇಪವಾಗಿದ್ದರೆ ಚಾಕುವಿಗೆ ಸಿಗುವುದಿಲ್ಲ. ಅಕ್ಕ, ನಿಮ್ಮ ತಮ್ಮ ಒಂದೇ ಉಸಿರಿಗೆ ಹೇಳಿದ ಸಮೀಕರಣ ಇದೇ. ಕಬ್ಬಿಣದ ಬಕೆಟ್ಟಿನಲ್ಲಿ ಬೋರ್ಡೋ ಕಲಸಬಾರದು, ಪ್ಲಾಸ್ಟಿಕ್ಕೋ ಮರದ್ದೋ ಇರಬೇಕು ಅನ್ನುವುದೂ ಇದರಿಂದಲೇ.

ಕೊಪ್ಪದ ಅತ್ತೆ

ನನಗೆ ರಸಾಯನಶಾಸ್ತ್ರ ಗೊತ್ತಿಲ್ಲ. ಆದರೆ ಓದುತ್ತಾ ಹೋದ ಹಾಗೆ ಅಡುಗೆಮನೆ ಕಣ್ಣಮುಂದೆ ಬಂತು, ಅದಕ್ಕೆ ಬರೆಯುತ್ತಿದ್ದೇನೆ.

ಆರತಿಗೆ ಓಕುಳಿ ನೀರು ಮಾಡುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕುತ್ತೇವೆ, ಕೆಂಪಾಗುತ್ತದೆ. ಅದಕ್ಕೇ ಹುಣಸೆಹುಳಿ ಹಿಂಡಿದರೆ ಮತ್ತೆ ಹಳದಿ. ಸಾರು ಚೆಲ್ಲಿದ ಬಿಳಿ ಪಂಚೆಗೆ ಸೋಪು ಹಚ್ಚಿದರೆ ಕಲೆ ಕೆಂಪಾಗುವುದೂ ಇದೇ ಇರಬೇಕು ಅಲ್ವಾ? ನಮ್ಮ ಮೊಮ್ಮಗಳು ದಾಸವಾಳದ ಹೂವನ್ನು ಬಿಸಿನೀರಿನಲ್ಲಿ ನೆನೆಸಿಟ್ಟು ಅದಕ್ಕೆ ನಿಂಬೆರಸ ಹಾಕಿದಳು, ಗುಲಾಬಿ ಕೆಂಪಾಯಿತು. ಸೋಪಿನ ನೀರು ಹಾಕಿದಳು, ಹಸಿರಾಯಿತು.

ನನ್ನ ಪ್ರಶ್ನೆ ಬೇರೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯೂ ಕಪ್ಪು, ಬೆರಳೂ ಕಪ್ಪು. ಎಷ್ಟು ತೊಳೆದರೂ ಹೋಗುವುದಿಲ್ಲ. ನಿಂಬೆಹುಳಿ ತಿಕ್ಕಿದರೆ ಸ್ವಲ್ಪ ಮಾಸುತ್ತದೆ. ಯಾಕೆ?

ಲ್ಯಾಬ್ ಸಹಾಯಕ, ಶಿವಮೊಗ್ಗ

ಅತ್ತೆ, ನೀವು ಮಾಡಿದ್ದೆಲ್ಲ ರಸಾಯನಶಾಸ್ತ್ರವೇ. ಅರಿಶಿನ ಮತ್ತು ದಾಸವಾಳ ಎರಡೂ ಸೂಚಕಗಳು, ಅಂದರೆ ಹುಳಿಯಂಥ ಆಮ್ಲವೋ ಸುಣ್ಣ, ಸೋಪಿನಂಥ ಪ್ರತ್ಯಾಮ್ಲವೋ ಅಂತ ಬಣ್ಣದಿಂದ ತೋರಿಸುವಂಥವು. ಅರಿಶಿನ ಪ್ರತ್ಯಾಮ್ಲಕ್ಕೆ ಮಾತ್ರ ಕೆಂಪಾಗುತ್ತದೆ, ಆಮ್ಲಕ್ಕೆ ಹಳದಿಯೇ. ದಾಸವಾಳ ಎರಡಕ್ಕೂ ಬೇರೆ ಬೇರೆ ಬಣ್ಣ ತೋರಿಸುತ್ತದೆ, ಆದ್ದರಿಂದ ಮಕ್ಕಳಿಗೆ ಅದು ಜಾಸ್ತಿ ಉಪಯೋಗ.

ಅಡಿಕೆಯ ಕಪ್ಪು ಹೀಗೆ. ಹಸಿ ಅಡಿಕೆಯಲ್ಲಿ ಟ್ಯಾನಿನ್ ಇರುತ್ತದೆ, ಅಂದರೆ ನಮ್ಮ ಚೊಗರು. ಕತ್ತಿಯ ಕಬ್ಬಿಣದ ಜೊತೆ ಟ್ಯಾನಿನ್ ಸೇರಿದರೆ ನೀಲಿಗಪ್ಪು ಸಂಯುಕ್ತ ಆಗುತ್ತದೆ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಟ್ಯಾನಿನ್ ಮತ್ತು ಕಬ್ಬಿಣದ ಲವಣ ಸೇರಿಸಿಯೇ. ನಿಂಬೆಯ ಸಿಟ್ರಿಕ್ ಆಮ್ಲ ಆ ಕಬ್ಬಿಣವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಕಲೆ ತಿಳಿಯಾಗುತ್ತದೆ.

ಇನ್ನೊಂದು ಹುಳಿ ನೆನಪಾಯಿತು. ಚಗಳಿ, ಅಂದರೆ ಮರದಲ್ಲಿ ಎಲೆಗೂಡು ಕಟ್ಟುವ ಕೆಂಪಿರುವೆ, ಅದರ ಚಟ್ನಿ ತಿಂದವರಿಗೆ ಗೊತ್ತು. ಆ ಹುಳಿ ಫಾರ್ಮಿಕ್ ಆಮ್ಲ. ಚಗಳಿ ಗೂಡು ಅಲುಗಾಡಿಸಿದರೆ ಕೈ ಮೇಲೆ ಚಿಮ್ಮಿಸುವುದೂ ಅದನ್ನೇ.

ದಯವಿಟ್ಟು ಒಂದು ಎಚ್ಚರಿಕೆ. ಮೈಲುತುತ್ತ ವಿಷ. ಅಡುಗೆಯ ಪಾತ್ರೆಯಲ್ಲಿ ಕರಗಿಸಬೇಡಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ಮುಖ ಬಗ್ಗಿಸಬೇಡಿ, ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಹಾಗೇ ಆಸ್ಪತ್ರೆಗೆ ಓಡಬೇಕು. ಶಾಲೆಯಲ್ಲಿ ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಯಾವತ್ತೂ ಹಾಕಬಾರದು. ಇದನ್ನು ನಾನು ಪ್ರತಿ ವರ್ಷ ಪ್ರತಿ ಕ್ಲಾಸಿಗೂ ಹೇಳುತ್ತೇನೆ.

ತೀರ್ಥಹಳ್ಳಿ ಅಕ್ಕ

ನಿಮ್ಮೆಲ್ಲರ ಬರಹ ತಮ್ಮನಿಗೆ ಓದಿ ಹೇಳಿದೆ. ಸುಣ್ಣದ ಕತೆ ಅವನೇ ಮತ್ತೆ ಅಮ್ಮನಿಗೆ ಹೇಳಿದ. ಆದರೆ ವೇಲೆನ್ಸಿ ಹತ್ತಿರ ಬಂದು ನಿಂತಿದ್ದಾನೆ. ತಾಮ್ರದ ಸಲ್ಫೇಟಿನಲ್ಲಿ ಒಂದು ತಾಮ್ರಕ್ಕೆ ಒಂದು ಸಲ್ಫೇಟ್. ತಾಮ್ರದ ಹೈಡ್ರಾಕ್ಸೈಡಿನಲ್ಲಿ ಮಾತ್ರ ಓಎಚ್ ಅನ್ನು ಆವರಣದಲ್ಲಿ ಹಾಕಿ ಹೊರಗೆ 2 ಬರೆಯುತ್ತಾರೆ. 'ಇದು ಯಾಕೆ 2, ಅದು ಯಾಕೆ ಇಲ್ಲ?' ಅಂತ ಕೇಳುತ್ತಾನೆ. ನನಗೂ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು, ಸಾಗರ

ಒಳ್ಳೆಯ ಪ್ರಶ್ನೆ ಕೇಳಿದ್ದಾನೆ. ಇದು ತಿಳಿದರೆ ಮುಂದಿನದೆಲ್ಲ ಹಗುರ.

ನಿಮ್ಮ ಕಡೆ ಮುಯ್ಯಾಳು ಇನ್ನೂ ಇದೆಯಾ? ನೆಟ್ಟಿ ಸಮಯದಲ್ಲಿ ಒಂದು ಮನೆಯವರು ಇನ್ನೊಂದು ಮನೆಗೆ ಆಳಾಗಿ ಹೋಗುವುದು. ಆ ಲೆಕ್ಕ ಇಟ್ಟುಕೊಳ್ಳಿ.

ತಾಮ್ರದ ಮನೆಯಲ್ಲಿ ಹೊರಗೆ ಕಳಿಸಲು ಇಬ್ಬರು ಇದ್ದಾರೆ. ಸಲ್ಫೇಟಿನ ಮನೆಗೆ ಬೇಕಾದದ್ದು ಇಬ್ಬರು. ಒಂದು ಮನೆಯಿಂದ ಒಂದು ಮನೆಗೆ ಹೋದರು, ಲೆಕ್ಕ ಚುಕ್ತಾ. ಹೈಡ್ರಾಕ್ಸೈಡಿನ ಮನೆಗೆ ಒಬ್ಬರೇ ಸಾಕು. ತಾಮ್ರದ ಇಬ್ಬರಿಗೂ ಕೆಲಸ ಸಿಗಬೇಕಾದರೆ ಹೈಡ್ರಾಕ್ಸೈಡಿನ ಎರಡು ಮನೆ ಬೇಕು. ಅದಕ್ಕೇ ಆವರಣದ ಹೊರಗೆ 2.

ಈಗ ಅಲ್ಯೂಮಿನಿಯಂ ಆಕ್ಸೈಡ್. ಅಲ್ಯೂಮಿನಿಯಂ ಮನೆಯಲ್ಲಿ ಮೂವರು ಇದ್ದಾರೆ. ಆಮ್ಲಜನಕದ ಒಂದು ಮನೆಗೆ ಇಬ್ಬರು ಬೇಕು. ಎರಡು ಅಲ್ಯೂಮಿನಿಯಂ ಮನೆ ಸೇರಿದರೆ ಆರು ಜನ. ಮೂರು ಆಮ್ಲಜನಕದ ಮನೆಗೆ ಆರು ಜನ. ಸರಿಹೋಯಿತು. ಅಲ್ಯೂಮಿನಿಯಂ 2, ಆಮ್ಲಜನಕ 3. ಎರಡರ ವೇಲೆನ್ಸಿ ಅಂಕಿಗಳನ್ನು ಅದಲುಬದಲು ಮಾಡಿ ಬರೆಯುವ ಅಡ್ಡ ಗೀಟಿನ ಉಪಾಯವನ್ನು ತಮ್ಮ ಬಾಯಿಪಾಠ ಮಾಡಿರುತ್ತಾನೆ, ಅದೂ ಇದೇ ಲೆಕ್ಕ.

ಇಲ್ಲಿ ಹೋಗಿಬರುವ ಆಳು ಅಂದರೆ ಎಲೆಕ್ಟ್ರಾನ್. ಒಂದು ಮನೆ ಎಷ್ಟು ಆಳು ಕೊಡುತ್ತದೆ ಅಥವಾ ಪಡೆಯುತ್ತದೆ ಅನ್ನುವ ಅಂಕಿಯೇ ವೇಲೆನ್ಸಿ. ಲೋಹಗಳು ಕೊಡುವ ಮನೆ, ಅಲೋಹಗಳು ಪಡೆಯುವ ಮನೆ. ಇಂಗಾಲ ಮಾತ್ರ ಹೀಗಲ್ಲ. ಅದರ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನ್. ಕೊಡುವುದೂ ಕಷ್ಟ, ಪಡೆಯುವುದೂ ಕಷ್ಟ. ಎರಡು ಮನೆಗೆ ನಡುವೆ ಒಂದೇ ಬಾವಿ ಇರುತ್ತದಲ್ಲ, ಹಾಗೆ ಹಂಚಿಕೊಳ್ಳುತ್ತದೆ. ಗೋಬರ್ ಗ್ಯಾಸಿನ ಮೀಥೇನ್‌ನಲ್ಲಿ ಒಂದು ಇಂಗಾಲ ನಾಲ್ಕು ಹೈಡ್ರೋಜನ್ ಜೊತೆ ನಾಲ್ಕು ಬಾವಿ ಹಂಚಿಕೊಂಡಿದೆ. ಸಹವೇಲೆನ್ಸಿ ಬಂಧ ಅಂದರೆ ಅದು.

ಗೋಬರ್ ಗ್ಯಾಸಿನಲ್ಲೇ ಸರಿದೂಗಿಸುವುದನ್ನೂ ಕಲಿಸಿ. ಮೀಥೇನ್ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಎಡಗಡೆ ಹೈಡ್ರೋಜನ್ 4. ಒಂದು ನೀರಿನ ಅಣುವಿನಲ್ಲಿ 2. ಹಾಗಾದರೆ ನೀರು 2 ಬೇಕು. ಈಗ ಬಲಗಡೆ ಆಮ್ಲಜನಕ ಎಣಿಸಿ. ಡೈಆಕ್ಸೈಡಿನಲ್ಲಿ 2, ನೀರಿನಲ್ಲಿ 2, ಒಟ್ಟು 4. ಎಡಗಡೆ ಆಮ್ಲಜನಕದ ಅಣು 2 ಹಾಕಿ. ಮುಗಿಯಿತು. ಉರಿಯ ಮೇಲೆ ತಣ್ಣಗಿನ ಸ್ಟೀಲ್ ತಟ್ಟೆ ಒಂದು ಕ್ಷಣ ಹಿಡಿದರೆ ತಳದಲ್ಲಿ ಬೆವರುತ್ತದೆ. ಸಮೀಕರಣದ ಬಲಗಡೆಯ ನೀರು ಅದು.

ಮಕ್ಕಳು ಮಾಡುವ ಒಂದು ತಪ್ಪು. ಲೆಕ್ಕ ಸರಿಹೋಗದಿದ್ದರೆ ಅಣುವಿನ ಕೆಳಗಿನ ಅಂಕಿಯನ್ನೇ ತಿದ್ದುತ್ತಾರೆ. ನೀರಿನಲ್ಲಿ ಆಮ್ಲಜನಕ 1 ಇದ್ದದ್ದನ್ನು 2 ಮಾಡಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳೆಯುವ ನೊರೆ ಔಷಧಿ. ಮುಂದಿನ ಅಂಕಿ ಬದಲಾಯಿಸಿ, ಕೆಳಗಿನದನ್ನು ಮುಟ್ಟಬೇಡಿ.

ಶಿವಮೊಗ್ಗದ ಪೋಷಕರು

ಎಲ್ಲ ಚೆನ್ನಾಗಿದೆ. ಆದರೆ ನನ್ನ ಆತಂಕ ಹೇಳುತ್ತೇನೆ. ಪರೀಕ್ಷೆ 80 ಅಂಕಕ್ಕೆ, ಭೌತಶಾಸ್ತ್ರ, ಜೀವಶಾಸ್ತ್ರ ಎಲ್ಲ ಸೇರಿ. ನನ್ನ ಮಗಳಿಗೆ ಬೆಳಗ್ಗೆಯಿಂದ ರಾತ್ರಿ ತನಕ ಪುರುಸೊತ್ತಿಲ್ಲ. ಡ್ರಮ್ಮು, ಚಾಕು, ದಾಸವಾಳ ಅಂತ ಕೂತರೆ ಪಾಠ ಮುಗಿಯುವುದು ಯಾವಾಗ? ಪೇಪರಿನಲ್ಲಿ ಬೋರ್ಡೋ ಬಗ್ಗೆ ಕೇಳುವುದಿಲ್ಲವಲ್ಲ.

ಭದ್ರಾವತಿ ಹುಡುಗಿ

ಸರ್, ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿ ಈಗ ಸೈನ್ಸ್ ಪಿಯುಸಿ ಓದುತ್ತಿದ್ದೇನೆ. ನನ್ನ ಅನುಭವ ಹೇಳಲಾ?

ಹತ್ತನೇ ಕ್ಲಾಸಿನಲ್ಲಿ ನಾನೂ ಬಾಯಿಪಾಠ ಮಾಡಿದ್ದೆ. ಅಂಕ ಬಂತು. ಪಿಯುಸಿಗೆ ಬಂದಾಗ ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಸ್ಥಾನಪಲ್ಲಟ ಹೋಗಿ ಡಿಸ್‌ಪ್ಲೇಸ್‌ಮೆಂಟ್ ಬಂತು, ಉತ್ಕರ್ಷಣ ಹೋಗಿ ಆಕ್ಸಿಡೇಷನ್, ಪ್ರತ್ಯಾಮ್ಲ ಹೋಗಿ ಬೇಸ್. ಪದ ಬದಲಾದ ಕೂಡಲೇ ನಾನು ಕಲಿತದ್ದೆಲ್ಲ ಕಳೆದುಹೋಯಿತು, ಯಾಕೆಂದರೆ ನನ್ನ ಹತ್ತಿರ ಪದ ಮಾತ್ರ ಇತ್ತು. ಎರಡು ತಿಂಗಳು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ಉಳಿದದ್ದು ಒಂದೇ. ನಮ್ಮ ಅಜ್ಜ ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ವಿಶ್ವೇಶ್ವರಯ್ಯನವರ ಕಾಲದ ಆ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಕಲ್ಲಿದ್ದಲಲ್ಲ, ಮಲೆನಾಡಿನ ಕಟ್ಟಿಗೆಯ ಇದ್ದಿಲು ಬಳಸುತ್ತಿದ್ದರಂತೆ. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಕೆಮ್ಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಅಜ್ಜ ಹೇಳುತ್ತಿದ್ದರು, 'ಮಣ್ಣಿನಲ್ಲಿ ಕಬ್ಬಿಣ ಇದೆ ಮಗಾ, ಗಾಳಿ ಅದನ್ನು ಹಿಡಿದುಕೊಂಡಿದೆ. ಬಿಡಿಸಲು ಇದ್ದಿಲು ಬೇಕು' ಅಂತ.

ಇದ್ದಿಲಿನಿಂದ ಹುಟ್ಟಿದ ಇಂಗಾಲದ ಮಾನಾಕ್ಸೈಡ್ ಅದಿರಿನ ಆಮ್ಲಜನಕ ಕಿತ್ತುಕೊಂಡು ತಾನು ಡೈಆಕ್ಸೈಡ್ ಆಗುತ್ತದೆ, ಕಬ್ಬಿಣ ಉಳಿಯುತ್ತದೆ. ಕಬ್ಬಿಣದ ಆಕ್ಸೈಡಿಗೆ ಆದದ್ದು ಅಪಕರ್ಷಣ, ಮಾನಾಕ್ಸೈಡಿಗೆ ಆದದ್ದು ಉತ್ಕರ್ಷಣ. ಪಿಯುಸಿಯಲ್ಲಿ ಇವೆರಡೂ ಸೇರಿದ ರೆಡಾಕ್ಸ್ ಪಾಠ ಬಂದ ದಿನ ಇಂಗ್ಲಿಷ್ ಪದಗಳ ಹಿಂದೆ ಅಜ್ಜನ ಮಾತು ಕಾಣಿಸಿತು. ಅವತ್ತು ಮೊದಲ ಸಲ ಕೈ ಎತ್ತಿ ಉತ್ತರ ಹೇಳಿದೆ.

ಅಕ್ಕ, ತಮ್ಮನಿಗೆ ಈಗಿನಿಂದಲೇ ಒಂದು ನೋಟ್‌ಬುಕ್ ಮಾಡಿಕೊಡಿ. ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ, ಕೆಳಗೆ ಮನೆಯಲ್ಲಿ ನೋಡಿದ ಒಂದು ಉದಾಹರಣೆ. ಸಂಕೇತಗಳಿಗೂ ಒಂದು ಪುಟ ಇಡಿ. ಸೋಡಿಯಂಗೆ ಎನ್ಎ ಅಂತ, ಕಬ್ಬಿಣಕ್ಕೆ ಎಫ್ಇ ಅಂತ, ತಾಮ್ರಕ್ಕೆ ಸಿಯು ಅಂತ ಯಾಕೆ ಬರೆಯುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನೇಟ್ರಿಯಂ, ಫೆರಮ್, ಕ್ಯೂಪ್ರಮ್ ಅನ್ನುವ ಲ್ಯಾಟಿನ್ ಹೆಸರುಗಳಿಂದ ಬಂದದ್ದು ಅಂತ ಗೊತ್ತಾದ ಮೇಲೆ ಒಂದೂ ಮರೆತಿಲ್ಲ.

ನಿವೃತ್ತ ಮೇಷ್ಟ್ರು, ಸಾಗರ

ಶಿವಮೊಗ್ಗದವರೇ, ನಿಮ್ಮ ಆತಂಕ ಸಹಜ. ಆದರೆ ಲೆಕ್ಕ ಹಾಕಿ ನೋಡಿ. ಚಾಕು ಅದ್ದಿ ನೋಡಲು ಐದು ನಿಮಿಷ, ಓಕುಳಿಗೆ ಎರಡು ನಿಮಿಷ. ಆ ಸಮೀಕರಣಗಳನ್ನು ಮಗಳು ಪರೀಕ್ಷೆಯ ತನಕ ಎಷ್ಟು ಸಲ ತಿರುಗಿ ಓದುತ್ತಾಳೆ? ಕಣ್ಣಾರೆ ನೋಡಿದ್ದನ್ನು ತಿರುಗಿ ಓದುವ ಕೆಲಸ ಕಡಿಮೆ.

ಪೇಪರಿನಲ್ಲಿ ಬೋರ್ಡೋ ಅಂತ ಕೇಳುವುದಿಲ್ಲ, ನಿಜ. 'ಕಬ್ಬಿಣದ ಮೊಳೆ ಅದ್ದಿದಾಗ ತಾಮ್ರದ ಸಲ್ಫೇಟ್ ದ್ರಾವಣದ ನೀಲಿ ಬಣ್ಣ ಮಾಸಲು ಕಾರಣವೇನು' ಅಂತ ಕೇಳುತ್ತಾರೆ. ಅಲ್ಲಿ ಮಕ್ಕಳು ಸಮೀಕರಣ ಬರೆದು ಸುಮ್ಮನಾಗುತ್ತಾರೆ. ಕಬ್ಬಿಣ ಹೆಚ್ಚು ಕ್ರಿಯಾಶೀಲ, ಆದ್ದರಿಂದ ತಾಮ್ರವನ್ನು ಸ್ಥಾನಪಲ್ಲಟಗೊಳಿಸುತ್ತದೆ, ದ್ರಾವಣ ತಿಳಿ ಹಸಿರಾಗುತ್ತದೆ, ಮೊಳೆಯ ಮೇಲೆ ಕಂದುಗೆಂಪು ಪದರ ಬರುತ್ತದೆ, ಇಷ್ಟೂ ಬರೆಯಬೇಕು. ನೋಡಿದ ಮಗು ಇದನ್ನು ಬಿಡುವುದಿಲ್ಲ.

ತೋಟದ ಮನೆ, ಹೊಸನಗರ

ಒಂದು ಅನುಮಾನ ಬಹಳ ದಿನದಿಂದ ಇದೆ. 1 ಕೆಜಿ ಮೈಲುತುತ್ತಕ್ಕೆ 1 ಕೆಜಿ ಸುಣ್ಣ ಅಂತ ಯಾರು ಲೆಕ್ಕ ಹಾಕಿದ್ದು? ನಿಜಕ್ಕೂ ಅಷ್ಟು ಬೇಕಾ?

ಲ್ಯಾಬ್ ಸಹಾಯಕ, ಶಿವಮೊಗ್ಗ

ಇದು ಮೋಲ್ ಲೆಕ್ಕ. ತಮ್ಮನೂ ಪೆನ್ನು ಹಿಡಿದು ಕೂರಲಿ.

ಕಾಳುಮೆಣಸನ್ನು ಯಾರೂ ಎಣಿಸಿ ಮಾರುವುದಿಲ್ಲ. ಆದರೆ 100 ಕಾಳು ತೂಗಿ ನೋಡಿದರೆ ಚೀಲದಲ್ಲಿ ಎಷ್ಟು ಕಾಳಿದೆ ಅಂತ ಲೆಕ್ಕ ಸಿಗುತ್ತದೆ. ಪರಮಾಣುಗಳನ್ನೂ ಹೀಗೇ ತೂಗಿ ಎಣಿಸುತ್ತೇವೆ. ಒಂದು ಮೋಲ್ ಅಂದರೆ ಸುಮಾರು 6.022 ಗುಣಿಸು 10ರ ಘಾತ 23 ಕಣಗಳು. 18 ಗ್ರಾಂ ನೀರಿನಲ್ಲಿ ಅಷ್ಟು ಅಣು ಇವೆ, ಒಂದು ದೊಡ್ಡ ಚಮಚದಷ್ಟು ನೀರು.

ಮೈಲುತುತ್ತದ ಹರಳಿನಲ್ಲಿ ತಾಮ್ರ 63.5, ಗಂಧಕ 32, ಆಮ್ಲಜನಕ 16ರಂತೆ ನಾಲ್ಕು ಅಂದರೆ 64. ಜೊತೆಗೆ ಐದು ನೀರಿನ ಅಣು, 18ರಂತೆ 90. ಒಟ್ಟು 249.5 ಗ್ರಾಂ, ಒಂದು ಮೋಲ್. ಅಂದರೆ 1 ಕೆಜಿ ಮೈಲುತುತ್ತದಲ್ಲಿ ಸುಮಾರು 360 ಗ್ರಾಂ ಬರೀ ನೀರು, ತಾಮ್ರ ಸುಮಾರು 254 ಗ್ರಾಂ. ಒಣಗಿದ ಹರಳಿನ ಹಾಗೆ ಕಾಣುತ್ತದೆ, ಒಳಗೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ನೀರು. ಸ್ಫಟಿಕ ಜಲ ಅಂತ ಪುಸ್ತಕದಲ್ಲಿ ಬರುವುದು ಇದೇ.

ಅರಳಿದ ಸುಣ್ಣ ಒಂದು ಮೋಲ್‌ಗೆ 74 ಗ್ರಾಂ. ಸಮೀಕರಣದಲ್ಲಿ ಒಂದಕ್ಕೆ ಒಂದು. 1 ಕೆಜಿ ಮೈಲುತುತ್ತ ಅಂದರೆ 4 ಮೋಲ್. ಅದಕ್ಕೆ ಬೇಕಾದ ಶುದ್ಧ ಅರಳಿದ ಸುಣ್ಣ 4 ಗುಣಿಸು 74, ಸುಮಾರು 300 ಗ್ರಾಂ. ಸುಟ್ಟ ಸುಣ್ಣವಾದರೆ 4 ಗುಣಿಸು 56, ಇನ್ನೂ ಕಡಿಮೆ, 224 ಗ್ರಾಂ.

ತೋಟದ ಮನೆ, ಹೊಸನಗರ

300 ಗ್ರಾಂ ಸಾಕಾ! ಹಾಗಾದರೆ ಉಳಿದ 700 ಗ್ರಾಂ ದಂಡವಾ?

ನಿವೃತ್ತ ಮೇಷ್ಟ್ರು, ಸಾಗರ

ದಂಡ ಅಲ್ಲ. ಲೆಕ್ಕದ ಸುಣ್ಣ ಶುದ್ಧ, ಅಂಗಡಿಯ ಸುಣ್ಣ ಶುದ್ಧ ಅಲ್ಲ. ಅದರಲ್ಲಿ ಕಲ್ಲು ಇರುತ್ತದೆ, ಅರ್ಧಂಬರ್ಧ ಸುಟ್ಟದ್ದು ಇರುತ್ತದೆ, ಆಗಲೇ ಕಾರ್ಬೊನೇಟ್ ಆದದ್ದು ಇರುತ್ತದೆ. ತಾಮ್ರ ಒಂದಿಷ್ಟೂ ಕರಗಿದ ರೂಪದಲ್ಲಿ ಉಳಿಯಬಾರದು, ಉಳಿದರೆ ಏನಾಗುತ್ತದೆ ಅಂತ ನೀವೇ ಅನುಭವಿಸಿದ್ದೀರಿ. ಅದಕ್ಕೆ ಸುಣ್ಣ ಮುಂದಾಗಿಯೇ ಜಾಸ್ತಿ. ಹಾಗಂತ ಎಷ್ಟು ಹಾಕಿದರೂ ಒಳ್ಳೆಯದು ಅಂತಲ್ಲ. ಸುಣ್ಣ ಅತಿಯಾದರೆ ತಾಮ್ರ ಗೊನೆಯ ಮೇಲೆ ಕೆಲಸ ಮಾಡುವುದು ನಿಧಾನವಾಗುತ್ತದೆ. ಲೆಕ್ಕ ನೋಡಿ 300 ಗ್ರಾಂಗೆ ಇಳಿಸಬೇಡಿ. ಚಾಕು ಹೇಳಿದ ಹಾಗೆ ಕೇಳಿ.

ಯಾರು ಲೆಕ್ಕ ಹಾಕಿದ್ದು ಅಂತ ಕೇಳಿದಿರಿ. ಈ ಔಷಧಿ ಹುಟ್ಟಿದ ಕತೆ ಹೇಳುತ್ತೇನೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದಲ್ಲಿ, ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬರಲಿಲ್ಲ ಅನ್ನುವುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದ. 1885ರಲ್ಲಿ ಅದನ್ನು ಪ್ರಕಟಿಸಿದ. ನಮ್ಮ ಕಡೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ಸಂಶೋಧನೆ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅದಕ್ಕೂ ಮೊದಲು ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದೊಂದೇ ದಾರಿ. ಕೊಟ್ಟೆ ಮಳೆಯನ್ನು ತಡೆಯುತ್ತದೆ, ಬೋರ್ಡೋ ರೋಗಾಣುವನ್ನು ತಡೆಯುತ್ತದೆ.

ಕೊಪ್ಪದ ಅತ್ತೆ

ಉಪ್ಪಿನ ಮರಿಗೆಯಲ್ಲಿ ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದಲ್ಲ, ಅದಕ್ಕೂ ಹೀಗೇ ಕಾರಣ ಇದೆಯಾ?

ಲ್ಯಾಬ್ ಸಹಾಯಕ, ಶಿವಮೊಗ್ಗ

ಇದೆ ಅತ್ತೆ. ಕಲ್ಲುಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಸೇರಿರುತ್ತದೆ. ಗಾಳಿಯ ತೇವ ಎಳೆದುಕೊಳ್ಳುವುದು ಮುಖ್ಯವಾಗಿ ಅದು. ನಮ್ಮ ಕಡೆ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರ.

ತೀರ್ಥಹಳ್ಳಿ ಅಕ್ಕ

ಹತ್ತು ದಿನ ಬರೆಯಲು ಆಗಲಿಲ್ಲ. ಮಳೆ ಬಿಡಲಿಲ್ಲ. ನಿನ್ನೆ ಹೊಳವಾಯಿತು, ಎರಡನೇ ಸಲದ ಔಷಧಿ ಹೊಡೆದೆವು. ಕಲಸುವುದನ್ನು ಅಪ್ಪ ತಮ್ಮನಿಗೇ ಬಿಟ್ಟರು. ಇನ್ನು ಮುಂದಿನದು ಅವನೇ ಬರೆಯುತ್ತಾನಂತೆ.

ತೀರ್ಥಹಳ್ಳಿ ಅಕ್ಕನ ತಮ್ಮ

ಮೇಷ್ಟ್ರಿಗೆ, ಹೊಸನಗರದ ಮಾವನಿಗೆ, ಅತ್ತೆಗೆ, ಸರ್‌ಗೆ, ಭದ್ರಾವತಿ ಅಕ್ಕನಿಗೆ ನಮಸ್ಕಾರ.

ನಾನು ಬೇಕೆಂದೇ ಸುಣ್ಣದ ನೀರನ್ನು ಪೂರ್ತಿ ಹಾಕದೆ ಒಂದು ಮಗ್ಗಿನಲ್ಲಿ ಬೇರೆ ಕಲಸಿದೆ. ಮೈಲುತುತ್ತದ ನೀರು ಜಾಸ್ತಿ, ಸುಣ್ಣ ಕಡಿಮೆ. ಹಳೆಯ ಚಾಕುವನ್ನು ಮರಳುಕಾಗದದಲ್ಲಿ ತಿಕ್ಕಿ ಅದ್ದಿದೆ. ಎರಡು ನಿಮಿಷಕ್ಕೆ ತೆಗೆದಾಗ ನೀರಿನ ಗೆರೆಯ ತನಕ ಸರಿಯಾಗಿ ಕೆಂಪು. ಮೇಲೆ ಬಿಳಿ, ಕೆಳಗೆ ಕೆಂಪು, ನಡುವೆ ಗೀಟು ಎಳೆದ ಹಾಗಿತ್ತು. ಉಗುರಿನಿಂದ ಕೆರೆದರೆ ಎದ್ದು ಬಂತು. ದೇವರ ಮನೆಯ ತಾಮ್ರದ ಚೊಂಬಿನ ಬಣ್ಣವೇ. ಆಮೇಲೆ ಸುಣ್ಣದ ನೀರು ಹಾಕುತ್ತಾ ಹೋದೆ. ಮೂರನೇ ಸಲಕ್ಕೆ ಚಾಕು ಬೆಳ್ಳಗೇ ಉಳಿಯಿತು.

ದೊಡ್ಡ ಡ್ರಮ್ಮಿಗೆ ಅಪ್ಪ ತಾವೇ ಚಾಕು ಅದ್ದಿದರು. ಕೆಂಪು ಹಿಡಿಯಲಿಲ್ಲ.

ನನ್ನ ಒಂದು ಪ್ರಶ್ನೆ. ಚಾಕುವಿನ ಮೇಲೆ ತಾಮ್ರ ಬಂದು ಕೂತಿತು, ಹಾಗಾದರೆ ಚಾಕುವಿನ ಕಬ್ಬಿಣ ಅಷ್ಟು ಕರಗಿ ಹೋಗಿರಬೇಕಲ್ಲ? ಅದ್ದುವ ಮೊದಲು ಮತ್ತು ಆಮೇಲೆ ತೂಗಿದರೆ ಚಾಕು ಹಗುರ ಆಗಿರುತ್ತದಾ, ಭಾರ ಆಗಿರುತ್ತದಾ? ಒಂದು ಕಬ್ಬಿಣ ಹೋಗಿ ಒಂದು ತಾಮ್ರ ಬರುತ್ತದೆ. ಪುಸ್ತಕದಲ್ಲಿ ಕಬ್ಬಿಣ 56, ತಾಮ್ರ 63.5 ಅಂತ ಇದೆ. ಭಾರ ಆಗಬೇಕು ಅಂತ ನನ್ನ ಲೆಕ್ಕ.

ನಿವೃತ್ತ ಮೇಷ್ಟ್ರು, ಸಾಗರ

ನಿನ್ನ ಲೆಕ್ಕ ಸರಿ ತಮ್ಮ. 56 ಗ್ರಾಂ ಹೋದರೆ 63.5 ಗ್ರಾಂ ಬರುತ್ತದೆ. ಆದರೆ ಚಾಕುವಿನ ಮೇಲೆ ಕೂತದ್ದು ಬಹಳ ತೆಳು ಪದರ, ಮನೆಯ ತಕ್ಕಡಿಗೆ ಆ ವ್ಯತ್ಯಾಸ ಸಿಗುವುದಿಲ್ಲ.

ಲ್ಯಾಬ್ ಸಹಾಯಕ, ಶಿವಮೊಗ್ಗ

ಕಬ್ಬಿಣದ ಮೊಳೆ ನಾಲ್ಕೈದು ತಿಕ್ಕಿ ತೆಗೆದುಕೊಂಡು ರಜೆಯಲ್ಲಿ ಶಿವಮೊಗ್ಗಕ್ಕೆ ಬಾ ಅಪ್ಪಿ. ಅಕ್ಕನನ್ನೂ ಕರೆದುಕೊಂಡು ಬಾ. ನಮ್ಮ ಲ್ಯಾಬಿನಲ್ಲಿ ಮಿಲಿಗ್ರಾಂ ತೋರಿಸುವ ತಕ್ಕಡಿ ಇದೆ. ನಾನು ಮೊದಲೇ ಅನುಮತಿ ಕೇಳಿಟ್ಟಿರುತ್ತೇನೆ. ಮೊಳೆಗಳನ್ನು ರಾತ್ರಿಯಿಡೀ ಮೈಲುತುತ್ತದ ನೀರಿನಲ್ಲಿ ಬಿಡೋಣ, ಉದುರಿದ ತಾಮ್ರವನ್ನೂ ಸೋಸಿ ಒಣಗಿಸಿ ಸೇರಿಸಿ ತೂಗೋಣ. ಭಾರ ಎಷ್ಟು ಜಾಸ್ತಿ ಆಗುತ್ತದೆ ಅಂತ ಲೆಕ್ಕ ಬರೆದುಕೊಂಡೇ ಬಾ.